ಗಾಡಿ ಬದಲಿಸುವವರ ಗಡಿಯಾರ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಒಂದು ಹೋಬಳಿ ಕೇಂದ್ರ. ಅಲ್ಲಿ ರೈಲು ನಿಲ್ದಾಣವಿಲ್ಲ. ರೈಲು ಹಿಡಿಯಬೇಕಾದವರು ಒಂದೋ ಬಸ್ಸು ಹತ್ತಿ ತುಮಕೂರಿಗೆ ಬರಬೇಕು, ಇಲ್ಲವೇ ಪೂರ್ವಕ್ಕೆ ತೊಂಡೇಬಾವಿ, ಗೌರಿಬಿದನೂರಿನ ಕಡೆ ಮುಖ ಮಾಡಬೇಕು. ಭೂಪಟ ಬಿಡಿಸಿ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಬೆಂಗಳೂರಿನ ಯಶವಂತಪುರದಿಂದ ಎರಡು ಹಳೆಯ ಮಾರ್ಗಗಳು ಕವಲೊಡೆಯುತ್ತವೆ. ಒಂದು ತುಮಕೂರು, ಗುಬ್ಬಿ, ತಿಪಟೂರುಗಳನ್ನು ದಾಟಿ ಅರಸೀಕೆರೆಗೆ ಹೋಗುತ್ತದೆ. ಇನ್ನೊಂದು ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರಗಳ ಮೇಲೆ ಧರ್ಮಾವರಂ, ಗುಂತಕಲ್ಲುಗಳತ್ತ ಹೋಗುತ್ತದೆ. ಈ ಎರಡು ತೋಳುಗಳ ನಡುವಿನ ಬಯಲಿನಲ್ಲಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಕುಳಿತಿವೆ. ಜಯಮಂಗಲಿಯ ದಂಡೆಯವರಿಗೆ ರೈಲಿನ ಸಿಳ್ಳು ಕೇಳಿಸಬೇಕಾದರೆ ಮೊದಲು ಬಸ್ಸಿನ ಹಾರ್ನು ಕೇಳಿಸಬೇಕು.

ಆದ್ದರಿಂದ ಈ ಸೀಮೆಯ ಜನರ ದೂರದ ಪ್ರಯಾಣ ಯಾವತ್ತೂ ತುಂಡು ತುಂಡಾದ ಪ್ರಯಾಣವೇ. ಬಸ್ಸಿನಿಂದ ರೈಲಿಗೆ, ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಪರೀಕ್ಷೆಗೆ ಕೂರಬೇಕಾದ ಮಧುಗಿರಿಯ ಹುಡುಗನಿಗಾಗಲಿ, ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಸಿಕೊಂಡಿರುವ ಪಾವಗಡದ ರೋಗಿಗಾಗಲಿ, ಗಾಡಿ ಗಂಟೆಗೆ ಎಷ್ಟು ಮೈಲಿ ಓಡುತ್ತದೆ ಎಂಬುದು ಮುಖ್ಯವಲ್ಲ. ಮೊದಲನೆಯದು ಎರಡನೆಯದನ್ನು ಹಿಡಿಸಿಕೊಡುತ್ತದೆಯೇ ಎಂಬುದೇ ಮುಖ್ಯ. ಇದಕ್ಕೆ ರೈಲ್ವೆಯವರ ಮಾತಿನಲ್ಲಿ ‘ಕನೆಕ್ಷನ್’ ಎಂದು ಹೆಸರು. ಹಳಬರು ‘ಲಿಂಕ್ ಗಾಡಿ’ ಎನ್ನುತ್ತಿದ್ದರು. ವೇಳಾಪಟ್ಟಿಯ ಎರಡು ಸಾಲುಗಳ ನಡುವೆ ಅಡಗಿರುವ ಒಂದು ಮಾತುಕೊಟ್ಟಂಥ ಏರ್ಪಾಡು ಇದು. ಕರ್ನಾಟಕದಲ್ಲಿ ಈ ಮಾತು ಹೇಗೆ ಹುಟ್ಟಿತು, ಹೇಗೆ ಸಡಿಲವಾಯಿತು ಎಂಬುದಕ್ಕೆ ನೂರೈವತ್ತು ವರ್ಷ ಮೀರಿದ ಕಥೆಯುಂಟು.

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಮದ್ರಾಸಿನ ಕಡೆಯಿಂದ. ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗೆ ಹಾಕಿದ ಆ ಮಾರ್ಗ ಬ್ರಾಡ್‌ಗೇಜಿನದು. ಎರಡು ಕಂಬಿಗಳ ನಡುವೆ ಐದೂವರೆ ಅಡಿ ಅಂತರ. 1870ರಲ್ಲಿ ಲಾರ್ಡ್ ಮೇಯೋ ಸರ್ಕಾರ, ಖರ್ಚು ಉಳಿಸುವ ಸಲುವಾಗಿ, ಇನ್ನು ಮುಂದಿನ ಅನೇಕ ಮಾರ್ಗಗಳಿಗೆ ಒಂದು ಮೀಟರ್ ಅಂತರ ಸಾಕು ಎಂದು ತೀರ್ಮಾನಿಸಿತು. 1876–78ರ ಭೀಕರ ಬರಗಾಲದ ಅನುಭವದ ನಂತರ ಮೈಸೂರು ಸಂಸ್ಥಾನ ಕಟ್ಟಿದ ರೈಲು ಈ ಕಿರಿದಾದ ಅಳತೆಯದು. ಬೆಂಗಳೂರು–ಮೈಸೂರು ಮಾರ್ಗ 1880ರ ದಶಕದ ಆರಂಭದಲ್ಲಿ ತೆರೆಯಿತು. 1884ರಲ್ಲಿ ತುಮಕೂರಿಗೆ ಗಾಡಿ ಬಂತು. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು. ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಹೋಗುವ ಮಾರ್ಗ 1890ರ ದಶಕದ ಮೊದಲ ವರ್ಷಗಳದು. ಇವೆಲ್ಲವೂ ಮೀಟರ್‌ಗೇಜ್.

ಇದರ ಪರಿಣಾಮ ಸರಳ. ತುಮಕೂರಿನಲ್ಲಿ ಹತ್ತಿದವನು ಮದ್ರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿದೇ ತೀರಬೇಕು. ಅವನ ಗಾಡಿಯ ಚಕ್ರ ಮುಂದಿನ ಹಳಿಯ ಮೇಲೆ ಕೂರುವುದಿಲ್ಲ. ಸಾಮಾನಿನ ಗತಿಯೂ ಅದೇ: ಒಂದೊಂದು ಮೂಟೆಯನ್ನೂ ಕೂಲಿಗಳು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕು. ಬಂಗಾರಪೇಟೆಯಲ್ಲಂತೂ ಮೂರನೆಯ ಅಳತೆಯೂ ಸೇರಿಕೊಂಡಿತು. ಅಲ್ಲಿ ಮದ್ರಾಸ್ ಮಾರ್ಗ ಮತ್ತು ಚಿನ್ನದ ಗಣಿಯ ಕವಲು ಬ್ರಾಡ್‌ಗೇಜ್. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹೋಗುವ ಪುಟ್ಟ ಗಾಡಿ ಎರಡೂವರೆ ಅಡಿಯ ನ್ಯಾರೋಗೇಜ್.

ಗಾಡಿ ಬದಲಿಸುವುದು ಅನಿವಾರ್ಯವಾದಾಗ ಮೊದಲು ಬೇಕಾದದ್ದು ಇಬ್ಬರಿಗೂ ಒಂದೇ ಗಡಿಯಾರ. ಇಂದು ಇದು ಹೇಳಬೇಕಾದ ಮಾತೇ ಅಲ್ಲ ಎನಿಸುತ್ತದೆ. ಆದರೆ ಅಂದು ಊರೂರಿಗೂ ಅದರದೇ ಸೂರ್ಯ, ಅದರದೇ ಮಧ್ಯಾಹ್ನ. ಒಂದು ಕಂಪನಿಯ ಹತ್ತು ಗಂಟೆ ಇನ್ನೊಂದರ ಹತ್ತೂ ಕಾಲು ಆದರೆ ಕನೆಕ್ಷನ್ ಎಂಬುದು ಕಾಗದದಲ್ಲೇ ಮುರಿದುಬೀಳುತ್ತದೆ. ಹಾಗಾಗಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ರೈಲುಗಳು ಮದ್ರಾಸಿನ ಖಗೋಳ ವೀಕ್ಷಣಾಲಯದ ಸಮಯವನ್ನು ‘ರೈಲ್ವೆ ಸಮಯ’ವಾಗಿ ಒಪ್ಪಿಕೊಂಡವು. ಇಡೀ ದೇಶಕ್ಕೆ ಒಂದೇ ಅಧಿಕೃತ ಸಮಯ ಬಂದದ್ದು 1906ರ ಜನವರಿ 1ರಂದು. ಅಂದರೆ ದೇಶದ ಗಡಿಯಾರ ಒಂದಾಗುವುದಕ್ಕೆ ಮೊದಲೇ ರೈಲಿನ ಗಡಿಯಾರ ಒಂದಾಗಿತ್ತು.

ಆನಂತರದ ಸುಮಾರು ಒಂದು ಶತಮಾನ ಕನ್ನಡ ನಾಡಿನ ಪ್ರಯಾಣವನ್ನು ಜಂಕ್ಷನ್‌ಗಳೇ ಆಳಿದವು. ಬೆಂಗಳೂರು–ಪುಣೆ ಮೀಟರ್‌ಗೇಜ್ ಮಾರ್ಗದಲ್ಲಿ ಬಂದವರು ಹಾಸನಕ್ಕೋ ಮೈಸೂರಿಗೋ ಅರಸೀಕೆರೆಯಲ್ಲಿ ಇಳಿಯಬೇಕು, ಶಿವಮೊಗ್ಗಕ್ಕೆ ಬೀರೂರಿನಲ್ಲಿ, ಗದಗ–ಬಳ್ಳಾರಿ ಕಡೆಗೆ ಹುಬ್ಬಳ್ಳಿಯಲ್ಲಿ, ಗೋವೆಗೆ ಲೋಂಡಾದಲ್ಲಿ. ಪುಣೆ–ಮೀರಜ್ ಹಳಿ 1970ರ ದಶಕದ ಆರಂಭದಲ್ಲಿ ಬ್ರಾಡ್‌ಗೇಜ್ ಆದ ಮೇಲೆ ಮುಂಬಯಿಗೆ ಹೊರಟವರು ಮೀರಜ್‌ನಲ್ಲಿ ಗಂಟುಮೂಟೆ ಹೊತ್ತು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿಯುತ್ತಿದ್ದರು. ನಡುರಾತ್ರಿ ಜಂಕ್ಷನ್ನಿನಲ್ಲಿ ಹಾಸಿಗೆ ಸುರುಳಿಯ ಮೇಲೆ ಮಕ್ಕಳನ್ನು ಮಲಗಿಸಿ, ಗಾಡಿ ಎಷ್ಟೊತ್ತಿಗೆ ಎಂದು ಕೂಲಿಯವನನ್ನು ಮತ್ತೆ ಮತ್ತೆ ಕೇಳುತ್ತ ಕೂರುವುದು ಒಂದು ತಲೆಮಾರಿನ ಸಮಾನ ಅನುಭವ.

ಆ ಕಾಲವನ್ನು ಹೊಗಳಬೇಕಾದ ಅಗತ್ಯವಿಲ್ಲ. ಕಾಯುವಿಕೆ ದೀರ್ಘ, ಗಾಡಿ ನಿಧಾನ, ಸೌಕರ್ಯ ಕಡಿಮೆ. ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಬದಲಾವಣೆ ಎಲ್ಲರಿಗೂ ಅನಿವಾರ್ಯವಾಗಿದ್ದರಿಂದ ವೇಳಾಪಟ್ಟಿಯನ್ನು ಕಟ್ಟುವಾಗಲೇ ಅದಕ್ಕೆ ಜಾಗ ಇರುತ್ತಿತ್ತು. ಕವಲಿನ ಗಾಡಿಗೆ ಮುಖ್ಯಮಾರ್ಗದ ಗಾಡಿಯ ದಾರಿ ಕಾಯುವುದೇ ಕೆಲಸ. ಅದರಲ್ಲಿ ಕೂರುವವರ ಪೈಕಿ ಬಹಳ ಮಂದಿ ಬರಬೇಕಾದದ್ದೇ ಮುಖ್ಯಗಾಡಿಯಿಂದ. ಅವರನ್ನು ಬಿಟ್ಟು ಹೊರಟರೆ ಖಾಲಿ ಬೋಗಿ ಎಳೆದಂತೆ.

ಇನ್ನೂ ಒಂದು ಉಪಾಯವಿತ್ತು. ಜನರನ್ನು ಇಳಿಸುವ ಬದಲು ಬೋಗಿಯನ್ನೇ ಬದಲಿಸುವುದು. ಒಂದು ಗಾಡಿಯ ಕೊನೆಯ ಎರಡು ಮೂರು ಬೋಗಿಗಳನ್ನು ಜಂಕ್ಷನ್ನಿನಲ್ಲಿ ಕಳಚಿ ಇನ್ನೊಂದು ಗಾಡಿಗೆ ತಗುಲಿಸುತ್ತಿದ್ದರು. ಪ್ರಯಾಣಿಕ ನಿದ್ದೆಯಲ್ಲಿದ್ದರೂ ಅವನ ಕನೆಕ್ಷನ್ ತಪ್ಪುತ್ತಿರಲಿಲ್ಲ. ದೊಡ್ಡ ಪ್ರಮಾಣದಲ್ಲಿ ಇದರ ಹೆಸರಾಂತ ಉದಾಹರಣೆ ದೆಹಲಿಯ ಕೇರಳ–ಕರ್ನಾಟಕ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಒಂದು ಭಾಗ, ತಿರುವನಂತಪುರದಿಂದ ಒಂದು ಭಾಗ ಬಂದು ಜೋಲಾರಪೇಟೆಯಲ್ಲಿ ಕೂಡಿ ಒಂದೇ ಗಾಡಿಯಾಗಿ ಉತ್ತರಕ್ಕೆ ಹೋಗುತ್ತಿತ್ತು. ಮುಂದೆ ಅವು ಬೇರೆ ಬೇರೆ ಗಾಡಿಗಳಾದವು. ಬೋಗಿ ಕಳಚಿ ಜೋಡಿಸುವುದಕ್ಕೆ ಎಂಜಿನ್ನು, ಆಳು, ಹೊತ್ತು ಎಲ್ಲ ಬೇಕು. ಒಂದು ಭಾಗ ತಡವಾದರೆ ಇನ್ನೊಂದೂ ತಡ. ಈಚಿನ ವರ್ಷಗಳಲ್ಲಿ ಈ ಪದ್ಧತಿ ಬಹುಮಟ್ಟಿಗೆ ನಿಂತುಹೋಗಿದೆ.

1992ರಲ್ಲಿ ದೊಡ್ಡ ತಿರುವು ಬಂತು. ಚಿತ್ರದುರ್ಗ ಜಿಲ್ಲೆಯವರಾದ ಸಿ.ಕೆ. ಜಾಫರ್ ಷರೀಫ್ ಕೇಂದ್ರ ರೈಲ್ವೆ ಸಚಿವರಾಗಿದ್ದಾಗ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ‘ಯುನಿಗೇಜ್’ ಯೋಜನೆ ಆರಂಭವಾಯಿತು. ಗುಂತಕಲ್ ಮಾರ್ಗ ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಅಗಲವಾಗಿತ್ತು. ಬೆಂಗಳೂರು–ಮೈಸೂರು 1993ರಲ್ಲಿ ಬದಲಾಯಿತು. ತುಮಕೂರು, ಅರಸೀಕೆರೆಗಳ ಮೇಲೆ ಹುಬ್ಬಳ್ಳಿಗೆ ಹೋಗುವ ಮಾರ್ಗ ಆ ದಶಕದ ಮಧ್ಯಭಾಗದಲ್ಲಿ ಬದಲಾಯಿತು. ಹಾಸನ–ಮಂಗಳೂರು ಘಟ್ಟದ ಹಳಿ ಮಾತ್ರ 1996ರಲ್ಲಿ ಮುಚ್ಚಿ, ಮತ್ತೆ ಪ್ರಯಾಣಿಕರನ್ನು ಕಂಡದ್ದು 2007ರ ಡಿಸೆಂಬರಿನಲ್ಲಿ.

ಇದರಿಂದ ಆದ ಲಾಭ ನಿರ್ವಿವಾದ. ತುಮಕೂರಿನ ಪ್ಲಾಟ್‌ಫಾರಂ ಮೇಲೆ ನಿಂತವನು ಈಗ ಗಾಡಿ ಬದಲಿಸದೆ ಬಲು ದೂರ ಹೋಗಬಲ್ಲ. ಆದರೆ ಲಾಭದ ಬೆನ್ನಿಗೆ ಒಂದು ನಷ್ಟವೂ ಸದ್ದಿಲ್ಲದೆ ಬಂತು. ನೇರ ಗಾಡಿಗಳು ಹೆಚ್ಚಾದಂತೆ ಗಾಡಿ ಬದಲಿಸುವವರು ‘ಎಲ್ಲರೂ’ ಆಗಿದ್ದದ್ದು ಹೋಗಿ ‘ಕೆಲವರು’ ಆದರು. ಕೆಲವರಿಗಾಗಿ ವೇಳಾಪಟ್ಟಿಯನ್ನು ಯಾರೂ ಹೆಣೆಯುವುದಿಲ್ಲ. ಪ್ರತಿಯೊಂದು ಗಾಡಿಯನ್ನೂ ಅದರ ಹೊರಡುವ ಊರು, ಸೇರುವ ಊರು ಇವೆರಡರ ಅನುಕೂಲ ನೋಡಿ ಗೊತ್ತುಮಾಡುತ್ತಾರೆ. ನಡುವಿನ ಜಂಕ್ಷನ್ನಿನಲ್ಲಿ ಎರಡು ಗಾಡಿಗಳು ಹೊಂದಿಕೊಂಡರೆ ಅದು ಪ್ರಯಾಣಿಕನ ಅದೃಷ್ಟ. ಹೊಂದದಿದ್ದರೆ ಐದು ನಿಮಿಷದ ಹಿಂದೆ ಹೋದ ಗಾಡಿಯ ಬಾಲದ ದೀಪ ನೋಡುತ್ತ ನಿಲ್ಲಬೇಕು.

ಹಾಗಾದರೆ ನಂಬಬಹುದಾದ ಕನೆಕ್ಷನ್ ಎಂದರೆ ಯಾವುದು? ಎರಡು ಗಾಡಿಗಳ ನಡುವೆ ಹೆಚ್ಚು ಹೊತ್ತು ಬಿಟ್ಟರೆ ಸಾಕು ಎಂಬುದು ತಕ್ಷಣ ಹೊಳೆಯುವ ಉತ್ತರ. ಅದು ಅರ್ಧ ಮಾತ್ರ ನಿಜ. ಒಂದು ಕಲ್ಪಿತ ಲೆಕ್ಕ ಹಾಕಿ ನೋಡಬಹುದು. ಮೊದಲ ಗಾಡಿ ಹತ್ತು ದಿನದಲ್ಲಿ ಎಂಟು ದಿನ ಸರಿಯಾಗಿ ಬಂದು ಎರಡನೆಯದನ್ನು ಹಿಡಿಸುತ್ತದೆ, ಎರಡು ದಿನ ತಪ್ಪಿಸುತ್ತದೆ ಎಂದುಕೊಳ್ಳೋಣ. ತಪ್ಪಿದ ಮೇಲೆ ಮುಂದಿನ ಗಾಡಿ ಅರ್ಧ ಗಂಟೆಗೆ ಇದ್ದರೆ ಹತ್ತು ದಿನದಲ್ಲಿ ಕಳೆದುಕೊಂಡದ್ದು ಒಟ್ಟು ಒಂದು ಗಂಟೆ. ಅದನ್ನು ಯಾರೂ ನೆನಪಿನಲ್ಲಿಡುವುದಿಲ್ಲ. ಮುಂದಿನ ಗಾಡಿ ನಾಳೆ ಇದೇ ಹೊತ್ತಿಗೆ ಎಂದಾದರೆ ಕಳೆದುಕೊಂಡದ್ದು ಎರಡು ದಿನ, ಜೊತೆಗೆ ಒಂದು ಪರೀಕ್ಷೆ ಅಥವಾ ಒಂದು ಮದುವೆಯ ಮುಹೂರ್ತ. ಗಾಡಿಯ ನಡತೆ ಎರಡು ಕಡೆಯೂ ಒಂದೇ. ಶಿಕ್ಷೆ ಮಾತ್ರ ಬೇರೆ. ದಿನಕ್ಕೆ ಒಂದೆರಡೇ ಗಾಡಿ ಇರುವ ಮಾರ್ಗಕ್ಕೆ ಕನೆಕ್ಷನ್ನಿನ ಭರವಸೆ ಹೆಚ್ಚು ಬೇಕು. ಆದರೆ ಅಂಥ ಮಾರ್ಗಗಳಿಗೇ ಅದು ಕಡಿಮೆ ಸಿಗುವುದು.

ಇದರ ಬೆಲೆ ಯಾವ ಲೆಕ್ಕಪುಸ್ತಕದಲ್ಲೂ ಕಾಣದು. ಎರಡು ಸಲ ಏಟು ತಿಂದ ಪ್ರಯಾಣಿಕ ಮೂರನೆಯ ಸಲ ತಾನೇ ವಿಮೆ ಕಟ್ಟಿಕೊಳ್ಳುತ್ತಾನೆ: ಬೆಳಗಿನ ಗಾಡಿಗೆ ಹಿಂದಿನ ಸಂಜೆಯೇ ಬಂದು ನಿಲ್ದಾಣದಲ್ಲಿ ಮಲಗುತ್ತಾನೆ. ವಿಮೆಯ ಕಂತು ಅವನ ನಿದ್ದೆ, ಅವನ ಕೂಲಿಯ ದಿನ. ಅವನಿಗೆ ಕನೆಕ್ಷನ್ ಯಾವತ್ತೂ ತಪ್ಪುವುದಿಲ್ಲವಾದ್ದರಿಂದ ತಪ್ಪಿದವರ ಲೆಕ್ಕಕ್ಕೂ ಅವನು ಸೇರುವುದಿಲ್ಲ.

ಸಮಯಪಾಲನೆಯ ಅಂಕಿ ಅಂಶಗಳೂ ಅವನನ್ನು ಕಾಣುವುದಿಲ್ಲ. ನಮ್ಮಲ್ಲಿ ಗಾಡಿ ಸಕಾಲಕ್ಕೆ ಬಂತೇ ಇಲ್ಲವೇ ಎಂಬುದನ್ನು ಸಾಮಾನ್ಯವಾಗಿ ಅಳೆಯುವುದು ಅದು ಕೊನೆಗೆ ಸೇರುವ ನಿಲ್ದಾಣದಲ್ಲಿ. ಕೊನೆಯ ಒಂದೆರಡು ನಿಲ್ದಾಣಗಳ ನಡುವೆ ವೇಳಾಪಟ್ಟಿಯಲ್ಲಿ ಧಾರಾಳವಾಗಿ ಹೆಚ್ಚುವರಿ ನಿಮಿಷಗಳನ್ನು ಇಟ್ಟಿರುತ್ತಾರೆ. ರೈಲಿನಲ್ಲಿ ಓಡಾಡುವವರೆಲ್ಲ ಇದನ್ನು ಗಮನಿಸಿರಬಹುದು: ಹತ್ತು ನಿಮಿಷದ ದಾರಿಗೆ ಪಟ್ಟಿಯಲ್ಲಿ ಅರ್ಧ ಗಂಟೆ. ಹೀಗಾಗಿ ನಡುದಾರಿಯ ಜಂಕ್ಷನ್ನಿಗೆ ನಲವತ್ತು ನಿಮಿಷ ತಡವಾಗಿ ಬಂದ ಗಾಡಿ ಕೊನೆಯ ಊರಿಗೆ ಬಹುತೇಕ ಸರಿಯಾಗಿಯೇ ತಲುಪಬಹುದು. ಕಾಗದದಲ್ಲಿ ಅದು ಸಕಾಲದ ಗಾಡಿ. ನಡುವೆ ಇಳಿದು ಇನ್ನೊಂದನ್ನು ತಪ್ಪಿಸಿಕೊಂಡವನು ಆ ಕಾಗದದಲ್ಲಿ ಇಲ್ಲ.

ಎರಡನೆಯ ಗಾಡಿಯನ್ನು ಸ್ವಲ್ಪ ತಡೆದು ನಿಲ್ಲಿಸಬಾರದೇ ಎಂಬುದು ಪ್ಲಾಟ್‌ಫಾರಂ ಮೇಲೆ ಓಡುವವರೆಲ್ಲರ ಪ್ರಶ್ನೆ. ನಿಲ್ಲಿಸಬಹುದು, ಆದರೆ ಅದೂ ಪುಕ್ಕಟೆಯಲ್ಲ. 900 ಜನ ಕುಳಿತಿರುವ ಗಾಡಿಯನ್ನು 15 ನಿಮಿಷ ತಡೆದರೆ 225 ಗಂಟೆಗಳಷ್ಟು ಜನರ ಹೊತ್ತು ಹೋಯಿತು. ತಪ್ಪಿಸಿಕೊಳ್ಳಲಿರುವವರು 12 ಮಂದಿ, ಮುಂದಿನ ಗಾಡಿ 20 ಗಂಟೆಯ ಮೇಲೆ ಎಂದರೆ ಅವರದು 240 ಗಂಟೆ. ತಕ್ಕಡಿ ಹೆಚ್ಚುಕಡಿಮೆ ಸಮ. ಒಂಟಿ ಹಳಿಯ ಮಾರ್ಗವಾದರೆ ಎದುರಿನಿಂದ ಬರುವ ಗಾಡಿಯೂ ಎಲ್ಲೋ ಕ್ರಾಸಿಂಗ್‌ನಲ್ಲಿ ಕಾಯಬೇಕು. ತಡ ಎಂಬುದು ಅಂಟುಜಾಡ್ಯ. ಆದರೆ ಈ ತೂಗುವ ಕೆಲಸ ನಡೆಯಬೇಕಾದರೆ ಬರುತ್ತಿರುವ ಗಾಡಿಯಲ್ಲಿ ಆ 12 ಮಂದಿ ಇದ್ದಾರೆ ಎಂಬುದು ಕಂಟ್ರೋಲ್ ಕಚೇರಿಗೆ ಗೊತ್ತಿರಬೇಕು. ಸೀಟು ಕಾದಿರಿಸದ ಸಾಮಾನ್ಯ ದರ್ಜೆಯವರ ಮುಂದಿನ ಪ್ರಯಾಣ ಯಾವ ಗಣಕಯಂತ್ರಕ್ಕೂ ತಿಳಿಯುವುದಿಲ್ಲ. ಸಣ್ಣ ಊರುಗಳ ನಡುವೆ ಗಾಡಿ ಬದಲಿಸುವವರಲ್ಲಿ ಅವರೇ ಹೆಚ್ಚು.

ಕಾದಿರಿಸಿದವರಿಗೆ ಒಂದು ಸಮಾಧಾನ ಸಿಕ್ಕಿದೆ. 2019ರ ಏಪ್ರಿಲ್ 1ರಿಂದ ಎರಡು ಗಾಡಿಗಳ ಟಿಕೆಟ್ಟುಗಳನ್ನು, ಅಂದರೆ ಎರಡು ಪಿಎನ್‌ಆರ್‌ಗಳನ್ನು, ಒಂದಕ್ಕೊಂದು ಜೋಡಿಸಬಹುದು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣವನ್ನು ರದ್ದತಿ ಶುಲ್ಕವಿಲ್ಲದೆ ಹಿಂದಕ್ಕೆ ಪಡೆಯಬಹುದು. ಎರಡು ಟಿಕೆಟ್ಟಿನಲ್ಲೂ ಪ್ರಯಾಣಿಕರ ವಿವರ ಒಂದೇ ಆಗಿರಬೇಕು, ನಿಗದಿಯಾದ ಅವಧಿಯೊಳಗೆ ಹಣ ಕೇಳಬೇಕು ಎಂಬ ನಿಬಂಧನೆಗಳಿವೆ. ಒಳ್ಳೆಯ ಕ್ರಮವೇ. ಆದರೆ ವಾಪಸು ಬರುವುದು ಹಣ, ಪ್ರಯಾಣವಲ್ಲ. ಮುಂದಿನ ಗಾಡಿಯಲ್ಲಿ ಜಾಗ ಕೊಡಿಸುವ ಹೊಣೆಯನ್ನು ಈ ನಿಯಮ ಹೊರುವುದಿಲ್ಲ.

ಬೆಂಗಳೂರಿನಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಒಂದು ಕಾಲಕ್ಕೆ ಸಿಟಿ ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ನಡೆದರೆ ಮುಗಿಯುತ್ತಿತ್ತು. ಈಗ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಯಶವಂತಪುರ, ದಂಡು, 2022ರಿಂದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಹೀಗೆ ಹಂಚಿಹೋಗಿದೆ. ಒಂದೇ ನಿಲ್ದಾಣ ಇಷ್ಟೊಂದು ಗಾಡಿಗಳನ್ನು ಹೊರಲಾರದು ಎಂಬುದು ನಿಜ. ಆದರೆ ತುಮಕೂರಿನ ಕಡೆಯಿಂದ ಯಶವಂತಪುರದಲ್ಲಿ ಇಳಿದು ಬೈಯಪ್ಪನಹಳ್ಳಿಯಿಂದ ಹೊರಡುವ ಗಾಡಿ ಹಿಡಿಯಬೇಕಾದವನ ಕನೆಕ್ಷನ್ನಿನ ನಡುವೆ ಈಗ ಇಡೀ ಬೆಂಗಳೂರಿನ ವಾಹನ ಸಂಚಾರವೇ ಬಂದು ಕುಳಿತಿದೆ. ಅಷ್ಟಲ್ಲದೆ, ಬೈಯಪ್ಪನಹಳ್ಳಿಯ ಮೆಟ್ರೊ ನಿಲ್ದಾಣ ಟರ್ಮಿನಲ್ಲಿಗೆ ಅಂಟಿಕೊಂಡೂ ಇಲ್ಲ.

ಈ ವಿಷಯವನ್ನು ಬುಡದಿಂದ ಬೇರೆ ರೀತಿಯಲ್ಲಿ ಯೋಚಿಸಿದ ದೇಶ ಸ್ವಿಟ್ಜರ್ಲೆಂಡ್. ಬೆಟ್ಟಗುಡ್ಡಗಳ ಆ ಪುಟ್ಟ ದೇಶದಲ್ಲಿ ಪ್ರತಿ ಊರಿಗೂ ನೇರ ಗಾಡಿ ಬಿಡುವುದು ಅಸಾಧ್ಯ. ಅವರು 1982ರಲ್ಲಿ ದೇಶದಾದ್ಯಂತ ಗಂಟೆಗೊಂದರಂತೆ, ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಗಾಡಿ ಹೊರಡುವ ಪಟ್ಟಿ ತಂದರು. ‘ರೈಲು 2000’ ಎಂಬ ಮುಂದಿನ ಯೋಜನೆಗೆ 1987ರಲ್ಲಿ ಮತದಾರರ ಒಪ್ಪಿಗೆ ಪಡೆದರು. 2004ರ ಡಿಸೆಂಬರಿನಲ್ಲಿ ಅದರ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಅದರ ತರ್ಕ ಸ್ವಾರಸ್ಯಕರ. ದೊಡ್ಡ ಜಂಕ್ಷನ್ನಿಗೆ ಎಲ್ಲ ದಿಕ್ಕಿನ ಗಾಡಿಗಳೂ ಗಂಟೆ ಹೊಡೆಯುವುದಕ್ಕೆ ಕೆಲವು ನಿಮಿಷ ಮೊದಲು ಬಂದು ಸೇರುತ್ತವೆ, ಕೆಲವು ನಿಮಿಷದ ನಂತರ ಚದುರುತ್ತವೆ; ಆ ನಡುವೆ ಜನ ಬದಲಿಸಿಕೊಳ್ಳುತ್ತಾರೆ. ಇದಾಗಬೇಕಾದರೆ ಎರಡು ಜಂಕ್ಷನ್‌ಗಳ ನಡುವಿನ ಓಟ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಇರಬೇಕು. ಜ್ಯೂರಿಕ್ ಮತ್ತು ಬರ್ನ್ ನಡುವೆ ಅದು ಗಂಟೆಗಿಂತ ಹೆಚ್ಚಿತ್ತು. ಅದನ್ನು 56 ನಿಮಿಷದ ಸುತ್ತಮುತ್ತ ಇಳಿಸಲೆಂದೇ ಹೊಸ ಹಳಿ ಹಾಕಿದರು. 45ಕ್ಕೆ ಇಳಿಸುವ ಹಂಬಲ ಅವರಿಗಿರಲಿಲ್ಲ. ಬೇಗ ಬಂದು ಜಂಕ್ಷನ್ನಿನಲ್ಲಿ ಕಾಯುವುದರಿಂದ ಏನು ಬಂತು? ಹಳ್ಳಿಯ ಅಂಚೆ ಬಸ್ಸುಗಳೂ ಇದೇ ಗಡಿಯಾರಕ್ಕೆ ಹೊಂದಿಕೊಂಡಿವೆ. ಅಲ್ಲಿ ಮೊದಲು ವೇಳಾಪಟ್ಟಿ, ಆಮೇಲೆ ಹಳಿ. ನಮ್ಮಲ್ಲಿ ಮೊದಲು ಹಳಿ, ಆಮೇಲೆ ಉದ್ಘಾಟನೆ, ವೇಳಾಪಟ್ಟಿ ಕೊನೆಗೆ.

ಸ್ವಿಟ್ಜರ್ಲೆಂಡಿನ ಶ್ರೀಮಂತಿಕೆ ನಮಗಿಲ್ಲ. ಅಷ್ಟು ಗಾಡಿಗಳೂ ಇಲ್ಲ. ಆದರೆ ಈ ಮಾತು ತುಮಕೂರು ಜಿಲ್ಲೆಗೆ ಈಗ ಬಹಳ ಹತ್ತಿರದ್ದು. ಕಾರಣ, ತುಮಕೂರು ನಿಜವಾದ ಜಂಕ್ಷನ್ ಆಗುವ ಹಾದಿಯಲ್ಲಿದೆ. 2007–08ರಲ್ಲಿ ಮಂಜೂರಾದ ತುಮಕೂರು–ರಾಯದುರ್ಗ ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮುಟ್ಟಿ ಕಲ್ಯಾಣದುರ್ಗದ ಮೇಲೆ ಹೋಗುವಂಥದ್ದು. ಉದ್ದ ಸುಮಾರು 207 ಕಿಲೋಮೀಟರ್. 2011–12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗಗಳದು. ಉದ್ದ ಸುಮಾರು 191 ಕಿಲೋಮೀಟರ್. ಆರಂಭದಲ್ಲಿ ಹೇಳಿದ ಕವಲಿನ ನಡುವಿನ ಬಯಲನ್ನು ಈ ಎರಡು ಹಳಿಗಳು ತುಂಬಬೇಕು. ಭೂಸ್ವಾಧೀನದ ವಿಳಂಬ ಎರಡಕ್ಕೂ ಗಂಟುಬಿದ್ದಿದೆ. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗೆ ಗಾಡಿ ಓಡತೊಡಗಿದ ಮೇಲೂ ತುಮಕೂರಿನ ಕಡೆಯವರು ಕಾಯುತ್ತಲೇ ಇರಬೇಕಾಯಿತು.

ಗಾಡಿ ಬಂದ ಮೇಲೆ ಏನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೊಸ ಮಾರ್ಗಗಳಲ್ಲಿ ಮೊದಮೊದಲು ಓಡುವುದು ದಿನಕ್ಕೆ ಒಂದೆರಡು ಗಾಡಿಗಳು ಎಂಬುದು ನಾಡಿನ ಅನುಭವ. ಮಧುಗಿರಿಯಿಂದ ಬಂದ ಅಂಥ ಗಾಡಿ ತುಮಕೂರಿಗೆ ತಲುಪುವ ಹೊತ್ತಿಗೆ ಹುಬ್ಬಳ್ಳಿಯ ಗಾಡಿ ಹತ್ತು ನಿಮಿಷ ಮೊದಲು ಹೊರಟುಹೋಗಿದ್ದರೆ ಪ್ರಯಾಣಿಕ ಮತ್ತೆ ಬಸ್ಸಿಗೇ ಹೋಗುತ್ತಾನೆ, ಮತ್ತು ಗಾಡಿಗೆ ಜನ ಸಾಲದೆಂಬ ವರದಿ ತಯಾರಾಗುತ್ತದೆ. ಅದೇ ಗಾಡಿ ಒಂದು ಕಡೆ ತುಮಕೂರಿನಲ್ಲಿ ಅರಸೀಕೆರೆ ದಿಕ್ಕಿನ ಗಾಡಿಗೆ, ಇನ್ನೊಂದು ಕಡೆ ರಾಯದುರ್ಗದಲ್ಲಿ ಬಳ್ಳಾರಿಯ ಗಾಡಿಗೆ ಹೊಂದಿಕೊಂಡರೆ, ಬೋಗಿಗಳ ಸಂಖ್ಯೆ ಹೆಚ್ಚಿಸದೆಯೇ ಅದರ ಉಪಯೋಗ ಎರಡರಷ್ಟಾಗುತ್ತದೆ. ಕೊರಟಗೆರೆ ನಿಲ್ದಾಣದಲ್ಲಿ ರಾತ್ರಿಯ ಗಾಡಿ ಇಳಿದವರಿಗೆ ಹೊಳವನಹಳ್ಳಿಯ ಬಸ್ಸು ಇರಬೇಕಾದದ್ದೂ ಈ ಲೆಕ್ಕಕ್ಕೇ ಸೇರಿದ್ದು. ಆ ಬಸ್ಸಿನ ಹೊತ್ತನ್ನು ಗೊತ್ತುಮಾಡುವುದು ಸಾರಿಗೆ ಸಂಸ್ಥೆ, ಗಾಡಿಯ ಹೊತ್ತನ್ನು ರೈಲ್ವೆ. ಎರಡೂ ಇಲಾಖೆಗಳು ಒಂದು ಮೇಜಿನ ಸುತ್ತ ಕೂರಬೇಕು.

ವೇಳಾಪಟ್ಟಿಯನ್ನು ಬೇಕೆಂದಾಗ ತಿದ್ದಬಹುದು, ಸಿಮೆಂಟನ್ನು ತಿದ್ದುವುದು ಕಷ್ಟ. ಹೊಸ ಮಾರ್ಗದ ಗಾಡಿ ತುಮಕೂರಿನಲ್ಲಿ ಮುಖ್ಯಮಾರ್ಗದ ಪಕ್ಕದ ಪ್ಲಾಟ್‌ಫಾರಂಗೇ ಬಂದು ನಿಂತರೆ ಹತ್ತು ಹೆಜ್ಜೆಯಲ್ಲಿ ಬದಲಾವಣೆ ಮುಗಿಯುತ್ತದೆ, ಐದು ನಿಮಿಷದ ಕನೆಕ್ಷನ್ ಸಾಕು. ಯಾರ್ಡಿನ ಆಚೆ ತುದಿಯಲ್ಲಿ ನಿಂತರೆ ಮೇಲ್ಸೇತುವೆ ಹತ್ತಿ ಇಳಿಯಬೇಕು. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇರುವ ತಾಯಿಗೆ ಅದು ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷವನ್ನು ಮುಂದೆ ಬರುವ ಪ್ರತಿಯೊಂದು ವೇಳಾಪಟ್ಟಿಯೂ ಹೊರಬೇಕಾಗುತ್ತದೆ.